ಅದು ಅಜ್ಜಿಯ ಕೈ ಅಲ್ಲ

ಕಲರಿಂಗ್, ಅಂದರೆ ಚಿತ್ರದ ಬಣ್ಣ ತಿದ್ದುವ ಕೆಲಸ, ಶುರುವಾಗುವ ಹಿಂದಿನ ಸಂಜೆ ನಿರ್ದೇಶಕಿ ಅಕ್ಕನಿಗೆ ಒಂದು ಸ್ಟಿಲ್ ಕಳಿಸಿದ್ದೆ. ಇಳಕಲ್ಲಿನ ನೇಕಾರ ಅಜ್ಜಿ ಎಳೆ ಕೂಡಿಸುತ್ತಿರುವ ಕೈ. ಇಡೀ ಸಾಕ್ಷ್ಯಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಶಾಟ್ ಅದು. ಐದು ನಿಮಿಷಕ್ಕೆ ಫೋನ್ ಬಂತು.

"ತಮ್ಮಾ, ಇದು ಅಜ್ಜಿ ಕೈ ಅಲ್ಲ. ಸೊಸಿದು."

ನನಗೆ ನಂಬಿಕೆ ಬರಲಿಲ್ಲ. ಅದೇ ಮಗ್ಗ, ಅದೇ ಕೆಂಪು ಸೆರಗು, ಅದೇ ಕೋನ. "ಅಜ್ಜಿ ಹೆಬ್ಬಟ್ಟಿನ ಉಗುರು ಸೀಳೇತಿ. ಇದ್ರಾಗ ಎಲ್ಲೇತಿ ತೋರ್ಸು," ಅಂದಳು ಅಕ್ಕ.

ನಾಲ್ಕು ತಿಂಗಳು ಆ ಶಾಟ್ ನೋಡಿದ್ದೇನೆ. ಆದರೆ ನೋಡಿದ್ದೆಲ್ಲ ಪ್ರಾಕ್ಸಿಯಲ್ಲಿ, ಅಂದರೆ ಎಡಿಟ್‌ಗೆ ಮಾಡಿಕೊಂಡ ಸಣ್ಣ ನಕಲಿನಲ್ಲಿ. ಸೀಳಿದ ಉಗುರು ನನಗೆ ಒಮ್ಮೆಯೂ ಕಂಡಿರಲಿಲ್ಲ. ಹಿನ್ನೆಲೆಯಲ್ಲಿ ಅಜ್ಜಿಯ ದನಿ ಬರುತ್ತದೆ: "ಐವತ್ತು ವರ್ಷ ಇದ ಕೈಲೆ ಎಳಿ ಕೂಡ್ಸೇನ್ರಿ." ಆ ಮಾತಿಗೆ ನಾವು ಬೇರೆಯವರ ಕೈ ಇಟ್ಟಿದ್ದೆವು. ಅಕ್ಕ ನೋಡದೆ ಹೋಗಿದ್ದರೆ ಅದು ಹಾಗೇ ಪರದೆಗೆ ಹೋಗುತ್ತಿತ್ತು. ಆ ಊರಿನ ಜನರ ಮುಂದೆಯೇ ಮೊದಲ ಪ್ರದರ್ಶನ ಅಂತ ಮಾತಾಗಿತ್ತು. ಅಲ್ಲಿ ಕೂತ ಪ್ರತಿಯೊಬ್ಬರಿಗೂ ಅದು ಯಾರ ಕೈ ಅಂತ ಗೊತ್ತಾಗುತ್ತಿತ್ತು.

ಇದು ಹೇಗಾಯಿತು, ಹೇಗೆ ಸರಿ ಮಾಡಿದೆವು ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ಕೂತು ಸಣ್ಣ ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡುವವರು ನಮ್ಮಲ್ಲಿ ಈಗ ಜಾಸ್ತಿ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಲಿ.

ಚಿತ್ರೀಕರಣ ಏಳು ದಿನ ನಡೆದಿತ್ತು. ಎರಡು ಸೋನಿ ಕ್ಯಾಮೆರಾ. 4ಕೆ, ಸೆಕೆಂಡಿಗೆ 25 ಫ್ರೇಮ್, ಟೆನ್ ಬಿಟ್ 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ). ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಸ್-ಐ ಅಂತ ಒಂದು ರೆಕಾರ್ಡಿಂಗ್ ಬಗೆ ಇರುತ್ತದಲ್ಲ, ಅದು. ಸೆಕೆಂಡಿಗೆ 250 ಮೆಗಾಬಿಟ್. ಅಂದರೆ ಒಂದು ಗಂಟೆಗೆ ಸುಮಾರು 112 ಜಿಬಿ. ಒಟ್ಟು 14 ಗಂಟೆ ಫುಟೇಜ್, 1126 ಕ್ಲಿಪ್, ಸುಮಾರು 1.6 ಟಿಬಿ. ಎಚ್.264 ಅನ್ನುವ ರೀತಿಯಲ್ಲಿ ಕುಗ್ಗಿಸಿದ ಈ ಟೆನ್ ಬಿಟ್ 4:2:2 ವಿಡಿಯೊವನ್ನು ಹೆಚ್ಚಿನ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಕಾರ್ಡ್ ಬಿಚ್ಚುವುದಿಲ್ಲ. ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ನನ್ನದರಲ್ಲಿ ಒಂದು ಕ್ಲಿಪ್ ಓಡಿಸಿದರೆ ಚಿತ್ರ ತಡೆತಡೆದು ಬರುತ್ತಿತ್ತು.

ಹಾಗಾಗಿ ಪ್ರಾಕ್ಸಿ. ಅಂದರೆ ಅದೇ ಕ್ಲಿಪ್‌ನ ಸಣ್ಣ, ಹಗುರ ನಕಲು. ಎಡಿಟ್ ಅದರಲ್ಲಿ ಮಾಡುವುದು. ಕೊನೆಗೆ ಅದನ್ನು ತೆಗೆದು ಕ್ಯಾಮೆರಾದ ಒರಿಜಿನಲ್ ಕೂರಿಸುವುದು. ಹಾರ್ಡ್ ಡಿಸ್ಕ್‌ಗಳು ಅಕ್ಕನ ಹತ್ತಿರ ಇಳಕಲ್ಲಿನಲ್ಲೇ ಇದ್ದವು. ಫುಟೇಜ್ ನೋಡಿಕೊಳ್ಳುತ್ತಿದ್ದ ಹುಡುಗ ಒಂದು ಉಚಿತ ಕನ್ವರ್ಟರ್‌ನಲ್ಲಿ ಎಲ್ಲವನ್ನೂ 1280x720 ಗಾತ್ರಕ್ಕೆ ಇಳಿಸಿ ನನಗೆ ಹುಬ್ಬಳ್ಳಿಗೆ ಕಳಿಸಿದ. ಸುಮಾರು 30 ಜಿಬಿ. ನಾನು ಪ್ರೀಮಿಯರ್ ಪ್ರೊ ಅನ್ನುವ ಎಡಿಟಿಂಗ್ ತಂತ್ರಾಂಶದಲ್ಲಿ ಅವನ್ನು ಹಾಕಿಕೊಂಡು ಕೆಲಸ ಶುರು ಮಾಡಿದೆ.

ಮೂರು ತೊಡಕು ಅಲ್ಲೇ, ಮೊದಲ ದಿನವೇ ಹುಟ್ಟಿದ್ದವು. ನನಗೆ ಒಂದೂ ಕಾಣಲಿಲ್ಲ.

ಒಂದು ಹೆಸರಿನದು. ಕ್ಯಾಮೆರಾ ಕ್ಲಿಪ್‌ಗಳಿಗೆ ಸಿ0001, ಸಿ0002 ಅಂತ ಹೆಸರಿಡುತ್ತದೆ. ಮೆನುವಿನಲ್ಲಿ ಫೈಲ್ ನಂಬರ್ ಅಂತ ಒಂದು ಆಯ್ಕೆ ಇದೆ. ಸೀರೀಸ್ ಅಂತ ಇಟ್ಟರೆ ಎಣಿಕೆ ಮುಂದುವರಿಯುತ್ತದೆ. ರೀಸೆಟ್ ಅಂತ ಇಟ್ಟರೆ ಕಾರ್ಡ್ ಬದಲಾದಾಗಲೆಲ್ಲ ಒಂದರಿಂದ ಶುರು. ನಮ್ಮ ಎರಡೂ ಕ್ಯಾಮೆರಾ ರೀಸೆಟ್‌ನಲ್ಲಿದ್ದವು. ಏಳು ದಿನ, ಎರಡು ಕ್ಯಾಮೆರಾ. ಸಿ0012 ಅನ್ನುವ ಕ್ಲಿಪ್ ಒಂದಲ್ಲ, ಹದಿನಾಲ್ಕು. ಒರಿಜಿನಲ್‌ಗಳು ದಿನದ ಫೋಲ್ಡರ್‌ಗಳಲ್ಲಿ ಬೇರೆ ಬೇರೆ ಇದ್ದವು, ಅದು ಸರಿ. ಪ್ರಾಕ್ಸಿಗಳನ್ನು ಮಾತ್ರ ಎಲ್ಲ ಒಂದೇ ಫೋಲ್ಡರ್‌ಗೆ ಸುರಿದಿತ್ತು. ಒಂದೇ ಹೆಸರು ಬಂದಾಗ ವಿಂಡೋಸ್ ಕೇಳುತ್ತದೆ, ಎರಡನ್ನೂ ಇಟ್ಟುಕೊಳ್ಳಬೇಕಾ ಅಂತ. ಹೌದು ಅಂದರೆ ತಾನೇ ಹಿಂದೆ ಒಂದು ಅಂಕಿ ಸೇರಿಸುತ್ತದೆ. ಸಿ0012 (2), ಸಿ0012 (3), ಹೀಗೆ 14ರವರೆಗೆ. ಯಾವುದು ಯಾವ ದಿನದ್ದು ಅಂತ ಆ ಹೆಸರಿನಿಂದ ಹೇಳಲು ಆಗುವುದಿಲ್ಲ.

ಇನ್ನೊಂದು ಟೈಮ್‌ಕೋಡ್. ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಅಂತ ಒಂದು ವಿಳಾಸ ಇರುತ್ತದೆ. ತಂತ್ರಾಂಶಗಳು ಒಂದು ಕ್ಲಿಪ್ ಅನ್ನು ಗುರುತಿಸುವುದೇ ಹೆಸರು ಮತ್ತು ಈ ವಿಳಾಸದಿಂದ. ಒರಿಜಿನಲ್‌ನಲ್ಲಿ ಅದು ಸರಿಯಾಗಿತ್ತು. ಕನ್ವರ್ಟರ್ ಅದನ್ನು ಪ್ರಾಕ್ಸಿಗೆ ದಾಟಿಸಲಿಲ್ಲ. ಎಲ್ಲ ಪ್ರಾಕ್ಸಿಗಳೂ ಸೊನ್ನೆಯಿಂದ ಶುರುವಾಗುತ್ತಿದ್ದವು.

ಮೂರನೆಯದು ನನ್ನದೇ. ಪ್ರೀಮಿಯರ್‌ನಲ್ಲಿ ಪ್ರಾಕ್ಸಿಗೆ ಅಂತಲೇ ದಾರಿ ಇದೆ. ಮೊದಲು ಒರಿಜಿನಲ್ ಹಾಕಿಕೊಂಡು, ಅದಕ್ಕೆ ಪ್ರಾಕ್ಸಿಯನ್ನು ಅಟ್ಯಾಚ್ ಮಾಡಬೇಕು. ಆಗ ಒಂದು ಗುಂಡಿ ಒತ್ತಿದರೆ ಅದು, ಇನ್ನೊಮ್ಮೆ ಒತ್ತಿದರೆ ಇದು. ಪ್ರಾಜೆಕ್ಟ್‌ಗೆ ಒರಿಜಿನಲ್ ಯಾವುದು ಅಂತ ಯಾವಾಗಲೂ ಗೊತ್ತಿರುತ್ತದೆ. ನನ್ನ ಹತ್ತಿರ ಒರಿಜಿನಲ್ ಇರಲಿಲ್ಲ. ಪ್ರಾಕ್ಸಿಯನ್ನೇ ಫುಟೇಜ್ ಅಂತ ಹಾಕಿಕೊಂಡೆ. ಪ್ರೀಮಿಯರ್ ಪಾಲಿಗೆ ಅದೇ ಒರಿಜಿನಲ್ ಆಗಿಬಿಟ್ಟಿತು.

ನಾಲ್ಕು ತಿಂಗಳಿಗೆ 52 ನಿಮಿಷದ ಚಿತ್ರ ಸಿದ್ಧವಾಯಿತು. 648 ಕಟ್, ಬಳಸಿದ ಮೂಲ ಕ್ಲಿಪ್ 231. ಟೈಮ್‌ಲೈನನ್ನು, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿದ್ದನ್ನು, ಎಕ್ಸ್‌ಎಂಎಲ್ ಮಾಡಿ ಬೆಂಗಳೂರಿನ ಕಲರಿಸ್ಟ್‌ಗೆ ಕಳಿಸಿದೆ. ಎಕ್ಸ್‌ಎಂಎಲ್‌ನಲ್ಲಿ ಚಿತ್ರ ಇರುವುದಿಲ್ಲ. ಯಾವ ಕ್ಲಿಪ್, ಎಲ್ಲಿಂದ ಎಲ್ಲಿವರೆಗೆ ಅನ್ನುವ ಪಟ್ಟಿ ಅಷ್ಟೇ. ಒರಿಜಿನಲ್ ಡಿಸ್ಕ್ ಇಳಕಲ್ಲಿನಿಂದ ನೇರ ಅವರಿಗೆ ಹೋಯಿತು. ಅವರು ಬಣ್ಣ ತಿದ್ದುವ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ತೆರೆದು ಫೋನ್ ಮಾಡಿದರು.

"ಸರ್, ಟೈಮ್‌ಲೈನ್ ಪೂರ್ತಿ ಕೆಂಪು. ಮೀಡಿಯಾ ಆಫ್‌ಲೈನ್ ಅಂತಿದೆ."

ಪಟ್ಟಿಯಲ್ಲಿ ಸಿ0012 (3) ಅಂತ ಇದೆ. ಡಿಸ್ಕ್‌ನಲ್ಲಿ ಆ ಹೆಸರಿನ ಕ್ಲಿಪ್ ಇಲ್ಲವೇ ಇಲ್ಲ. ಹೆಸರು ಕೂಡಿದ ಕಡೆ ಟೈಮ್‌ಕೋಡ್ ಕೂಡುವುದಿಲ್ಲ. ಪ್ರಾಕ್ಸಿ ಸೊನ್ನೆ ಗಂಟೆ ಅನ್ನುತ್ತದೆ, ಒರಿಜಿನಲ್ ಮಧ್ಯಾಹ್ನ ಎರಡು ಗಂಟೆ ಅನ್ನುತ್ತದೆ. ರಿಸಾಲ್ವ್ ಏನು ಮಾಡಬೇಕು ಪಾಪ.

ದಿನ ಕಡಿಮೆ ಇದ್ದವು. ಅವರ ಸಹಾಯಕರು ಕಣ್ಣಿನಿಂದಲೇ ಹುಡುಕಿ ಕೂರಿಸುತ್ತೇವೆ ಅಂದರು. ನಾನು ಕಳಿಸಿದ್ದ ರೆಫರೆನ್ಸ್ ವಿಡಿಯೊ (ಎಡಿಟ್ ಆದ ಚಿತ್ರವನ್ನು ತಾಳೆ ನೋಡಲು ತೆಗೆದ ನಕಲು) ಪಕ್ಕದಲ್ಲಿಟ್ಟುಕೊಂಡು, ಅದೇ ನಂಬರಿನ ಹದಿನಾಲ್ಕು ಕ್ಲಿಪ್‌ನಲ್ಲಿ ಯಾವುದು ಹೋಲುತ್ತದೋ ಅದನ್ನು ಹಾಕಿದರು. ಎರಡು ದಿನ ರಾತ್ರಿ ಹಗಲು ಕೂತು ಮಾಡಿದ ಕೆಲಸ ಅದು. ಅವರ ಶ್ರಮದ ಬಗ್ಗೆ ನನಗೆ ಈಗಲೂ ಗೌರವ ಇದೆ. ಬಸ್ ನಿಲ್ದಾಣ ಇರಬೇಕಾದಲ್ಲಿ ಬಣ್ಣದ ಹಂಡೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ತಕ್ಷಣ ಬದಲಾಯಿಸಬಹುದು. ಆದರೆ ಮೂರನೇ ದಿನ ಅಜ್ಜಿ ಎಳೆ ಕೂಡಿಸಿದ್ದೂ ಐದನೇ ದಿನ ಸೊಸೆ ಎಳೆ ಕೂಡಿಸಿದ್ದೂ ಎರಡೂ ಸಿ0047. ಎರಡೂ ಅದೇ ಕುಣಿ ಮಗ್ಗ. ಅಜ್ಜಿಯದು ಇರಬೇಕಾದಲ್ಲಿ ಸೊಸೆಯದು ಬಂದು ಕೂತಿತ್ತು. ನಾನು ಅಕ್ಕನಿಗೆ ಕಳಿಸಿದ ಸ್ಟಿಲ್ ಅದೇ. ಪೂರ್ತಿ ತಪ್ಪಾದ ಶಾಟ್‌ಗೆ ಹೆದರಬೇಕಾಗಿಲ್ಲ. ಸ್ವಲ್ಪವೇ ತಪ್ಪಾದ ಶಾಟ್‌ಗೆ ಹೆದರಬೇಕು.

ಇಲ್ಲಿ ಆ ಕೆಲಸದ ಬಗ್ಗೆ ಎರಡು ಮಾತು ಹೇಳದೆ ಆಗುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಸಿದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆ. ಆ ಎರಡು ಹಾಸುಗಳನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ತೋಪು ತೆನೆ ಅನ್ನುತ್ತಾರೆ. ಒಂದು ಎಳೆ ಪಕ್ಕದ ಎಳೆಗೆ ಹೋಗಿ ಕೂತರೆ ನೇಯ್ದಾಗ ಗೊತ್ತಾಗುತ್ತದೆ. ಅಜ್ಜಿ ಕೂಡಿಸುವಾಗ ಬಾಯಲ್ಲಿ ಎಣಿಸುವುದಿಲ್ಲ, ಬೆರಳೇ ಎಣಿಸುತ್ತದೆ. ಅದನ್ನೇ ತೋರಿಸಲು ಹೊರಟ ಚಿತ್ರದಲ್ಲಿ ನಾವು ಎಳೆ ತಪ್ಪಿಸಿದ್ದೆವು. ಅಕ್ಕನ ಫೋನ್ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕಲರಿಸ್ಟ್‌ಗೆ ಹೇಳಿದೆ, "ಸರ್, ಕೂರಿಸಿದ್ದನ್ನೆಲ್ಲ ಬಿಡೋಣ. ಮೊದಲಿಂದ ಮಾಡ್ತೀನಿ. ಎರಡು ವಾರ ಕೊಡಿ." ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಆಯ್ತು ಸರ್, ಡಿಸ್ಕ್ ನಾಳೆ ಕಳಿಸ್ತೀನಿ" ಅಂದರು.

ಅವತ್ತು ಒಂದು ವಿಷಯ ಖಚಿತ ಮಾಡಿಕೊಂಡೆ. ಪ್ರಾಕ್ಸಿ ತೆಗೆದು ಒರಿಜಿನಲ್ ಕೂರಿಸುವುದು ಎಡಿಟ್ ಆದ ಮನೆಯಲ್ಲೇ ಆಗಬೇಕು. ಅಂದರೆ ಪ್ರೀಮಿಯರ್‌ನಲ್ಲೇ. ಕ್ಲಿಪ್ ಎಲ್ಲಿ ಕತ್ತರಿಸಿದೆ, ಎಷ್ಟು ಹಿಗ್ಗಿಸಿದೆ ಅನ್ನುವುದೆಲ್ಲ ಗೊತ್ತಿರುವುದು ಅದಕ್ಕೇ. ಅಲ್ಲಿ ಎಲ್ಲ ಸರಿಯಾದ ಮೇಲೆ ಎಕ್ಸ್‌ಎಂಎಲ್ ತೆಗೆದರೆ ಅದರಲ್ಲಿ ಒರಿಜಿನಲ್ ಇರುವ ಜಾಗ, ಒರಿಜಿನಲ್‌ನ ಟೈಮ್‌ಕೋಡ್ ಇರುತ್ತದೆ. ರಿಸಾಲ್ವ್‌ಗೆ ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಆದರೆ ಯಾವ ಪ್ರಾಕ್ಸಿಗೆ ಯಾವ ಒರಿಜಿನಲ್? ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. (ಇವಳು ನನ್ನ ಒಡಹುಟ್ಟಿದ ಅಕ್ಕ, ನಿರ್ದೇಶಕಿ ಅಲ್ಲ.) ಅವನ ಮುಂದೆ ಎಲ್ಲ ಹೇಳಿಕೊಂಡೆ. ಪೂರ್ತಿ ಕೇಳಿ ಅವನು ಅಂದ, "ಹೆಸರು ಬಿಡು ಮಾಮಾ. ಟೈಮ್‌ಕೋಡೂ ಬಿಡು. ಸಣ್ಣದು ಮಾಡಿದ್ರೂ ಬದಲಾಗದ್ದು ಏನೈತಿ?"

ಫ್ರೇಮ್‌ಗಳ ಸಂಖ್ಯೆ. ಗಾತ್ರ ಇಳಿದರೂ, ಬಣ್ಣ ಇಳಿದರೂ, ಒರಿಜಿನಲ್‌ನಲ್ಲಿ 1412 ಫ್ರೇಮ್ ಇದ್ದರೆ ಪ್ರಾಕ್ಸಿಯಲ್ಲೂ 1412 ಇರಬೇಕು. ಹದಿನಾಲ್ಕು ಸಿ0012 ಇದ್ದರೂ ಹದಿನಾಲ್ಕೂ ಒಂದೇ ಉದ್ದ ಇರುವುದಿಲ್ಲ, ಅಲ್ವಾ?

ಎಫ್‌ಎಫ್‌ಪ್ರೋಬ್ ಅಂತ ಒಂದು ಉಚಿತ ಸಾಧನ ಇದೆ. ವಿಡಿಯೊ ತೆರೆಯದೆಯೇ ಅದರೊಳಗಿನ ವಿವರ ಓದಿ ಹೇಳುತ್ತದೆ. ಅವನು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದ. 1126 ಒರಿಜಿನಲ್, 1126 ಪ್ರಾಕ್ಸಿ, ಎರಡರ ಫ್ರೇಮ್ ಲೆಕ್ಕವೂ ಒಂದು ಹಾಳೆಗೆ ಬಂತು. ಮೊದಲು ನಂಬರ್ ನೋಡುವುದು, ಆ ಗುಂಪಿನೊಳಗೆ ಫ್ರೇಮ್ ಸಂಖ್ಯೆ ನೋಡುವುದು. 1105 ಕ್ಲಿಪ್ ತಾವಾಗಿ ಜೋಡಿಯಾದವು. ಆ ಸಂಖ್ಯೆ ಪರದೆ ಮೇಲೆ ಬಂದಾಗ ನಾನು ಎದ್ದು ಅವನ ಬೆನ್ನು ತಟ್ಟಿದೆ.

ಉಳಿದದ್ದು 21. ಅದರಲ್ಲಿ 12 ಕ್ಲಿಪ್, ಅಂದರೆ ಆರು ಜೋಡಿ, ನಂಬರೂ ಒಂದೇ, ಫ್ರೇಮ್ ಸಂಖ್ಯೆಯೂ ಒಂದೇ. ಇನ್ನು ಒಂಬತ್ತರ ಪ್ರಾಕ್ಸಿ ಅರ್ಧಕ್ಕೇ ನಿಂತಿತ್ತು. ಕನ್ವರ್ಟ್ ಆಗುವಾಗ ಕರೆಂಟ್ ಹೋಗಿತ್ತೋ ಏನೋ. ಆ 21 ಅನ್ನು ಮಾತ್ರ ಕಣ್ಣಿನಿಂದ ನೋಡಿದೆ. ಪೂರ್ತಿ ಓಡಿಸಿ, ಶಬ್ದ ಕೇಳಿ, ಎರಡೆರಡು ಸಲ. ಸಿ0047ಗಳಿಗೆ ಅದರ ಅಗತ್ಯವೇ ಬೀಳಲಿಲ್ಲ. ಅಜ್ಜಿಯದು 2306 ಫ್ರೇಮ್, ಸೊಸೆಯದು 1874.

ಈಗ ಕೂರಿಸುವುದು. ಒರಿಜಿನಲ್‌ಗೆ ಪ್ರಾಕ್ಸಿಯ ಹೆಸರಿಟ್ಟುಬಿಟ್ಟರೆ ಪ್ರೀಮಿಯರ್ ಒಂದೇ ಸಲಕ್ಕೆ ಎಲ್ಲವನ್ನೂ ಹುಡುಕಿಕೊಳ್ಳುತ್ತದೆ. ಆದರೆ ಕ್ಯಾಮೆರಾದಿಂದ ಬಂದ ಫೈಲ್‌ನ ಹೆಸರು ಬದಲಾಯಿಸಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಪಕ್ಕದಲ್ಲಿ ಕ್ಯಾಮೆರಾವೇ ಬರೆದ ವಿವರದ ಫೈಲ್ ಇರುತ್ತದೆ, ಅದು ಆ ಹೆಸರಿಗೇ ಅಂಟಿಕೊಂಡಿರುತ್ತದೆ. ಸೋದರಳಿಯ ಇದಕ್ಕೂ ದಾರಿ ಹೇಳಿದ. ವಿಂಡೋಸ್‌ನಲ್ಲಿ ಹಾರ್ಡ್ ಲಿಂಕ್ ಅಂತ ಇದೆ. ಒಂದೇ ಫೈಲ್‌ಗೆ ಇನ್ನೊಂದು ಹೆಸರು. ಜಾಗ ತಿನ್ನುವುದಿಲ್ಲ, ಒರಿಜಿನಲ್ ಮುಟ್ಟುವುದಿಲ್ಲ. ಅದೇ ಡಿಸ್ಕ್‌ನಲ್ಲಿ ಹೊಸ ಫೋಲ್ಡರ್ ಮಾಡಿ 1126 ಹೊಸ ಹೆಸರು ಹುಟ್ಟಿಸಿದೆವು. ಡಿಸ್ಕ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿದ್ದದ್ದು ಪುಣ್ಯ. ಎಕ್ಸ್‌ಫ್ಯಾಟ್ ಆಗಿದ್ದರೆ ಹಾರ್ಡ್ ಲಿಂಕ್ ಆಗುತ್ತಿರಲಿಲ್ಲ. ಒಂದು ಎಚ್ಚರ: ಎರಡೂ ಫೋಲ್ಡರ್ ಅನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿದರೆ ಅಲ್ಲಿ ಅದು ಎರಡು ಪಟ್ಟು ಜಾಗ ಹಿಡಿಯುತ್ತದೆ.

ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್‌ನ ಒಂದು ನಕಲು ಮಾಡಿಕೊಂಡೆ. ಎಲ್ಲ ಕ್ಲಿಪ್ ಆಯ್ದು ಮೇಕ್ ಆಫ್‌ಲೈನ್ (ಫೈಲ್‌ನ ನಂಟು ಕಳಚುವುದು) ಕೊಟ್ಟೆ. ಆಮೇಲೆ ಲಿಂಕ್ ಮೀಡಿಯಾ (ಹೊಸ ಫೈಲ್‌ಗೆ ನಂಟು ಹಾಕುವುದು). ಆ ಕಿಟಕಿಯಲ್ಲಿ ಅಲೈನ್ ಟೈಮ್‌ಕೋಡ್ ಅಂತ ಒಂದು ಚೌಕ ಇರುತ್ತದೆ. ಅದರ ಟಿಕ್ ತೆಗೆಯಬೇಕು. ಇಲ್ಲದಿದ್ದರೆ ಸೊನ್ನೆ ಗಂಟೆಯ ಪ್ರಾಕ್ಸಿಯನ್ನು ಮಧ್ಯಾಹ್ನದ ಒರಿಜಿನಲ್‌ಗೆ ಹೊಂದಿಸಲು ಹೊರಡುತ್ತದೆ. ಮೀಡಿಯಾ ಸ್ಟಾರ್ಟ್ ಅನ್ನುವುದನ್ನೂ ತೆಗೆದೆ. ಹೆಸರು ಮಾತ್ರ ಉಳಿಸಿದೆ. ಮೊದಲ ಫೈಲ್ ತೋರಿಸಿದೆ. ಉಳಿದವು ಒಂದರ ಹಿಂದೆ ಒಂದು ಬಂದು ಕೂತವು. ಎಲ್ಲ ಕೂಡಿ ಒಂದು ನಿಮಿಷವೂ ಆಗಲಿಲ್ಲ. ಶಬ್ದದ ಚಾನೆಲ್ ಎರಡೂ ಕಡೆ ಎರಡೇ ಇದ್ದದ್ದರಿಂದ ಅಲ್ಲಿ ತಕರಾರು ಬರಲಿಲ್ಲ. ಆ ಸಂಖ್ಯೆ ಬೇರೆ ಬೇರೆ ಇದ್ದರೆ ಪ್ರೀಮಿಯರ್ ಒಪ್ಪುವುದು ಕಷ್ಟ.

ಚಿತ್ರ ತೆರೆದರೆ ಎಲ್ಲವೂ ಮೂಗಿನ ಹತ್ತಿರ ಬಂದು ನಿಂತಿತ್ತು. ಇದನ್ನು ನಾನು ನಿರೀಕ್ಷಿಸಿದ್ದೆ. ನನ್ನ ಟೈಮ್‌ಲೈನ್ 1920x1080. 1280 ಅಗಲದ ಪ್ರಾಕ್ಸಿಯನ್ನು ತುಂಬಿಸಲು ಎಲ್ಲಕ್ಕೂ 150 ಪರ್ಸೆಂಟ್ ಸ್ಕೇಲ್ ಕೊಟ್ಟಿದ್ದೆ. ಈಗ ಬಂದದ್ದು 3840 ಅಗಲದ ಚಿತ್ರ, ಮೂರು ಪಟ್ಟು. ಅದಕ್ಕೆ ಬೇಕಾದದ್ದು 50. ಸಾಮಾನ್ಯ ಶಾಟ್‌ಗಳಿಗೆ ಒಂದನ್ನು ಸರಿ ಮಾಡಿ ಪೇಸ್ಟ್ ಅಟ್ರಿಬ್ಯೂಟ್ಸ್‌ನಿಂದ ಒಟ್ಟಿಗೆ ಹಾಕಿದೆ. ನಾನು ಬೇಕಂತಲೇ ಹತ್ತಿರ ತಂದಿದ್ದ 70 ಶಾಟ್ ಇದ್ದವು. ಅವನ್ನು ಒಂದೊಂದಾಗಿ ಮೂರರಿಂದ ಭಾಗಿಸಿ ಬರೆದೆ. 180 ಇದ್ದದ್ದು 60, 210 ಇದ್ದದ್ದು 70. ಇದಕ್ಕೆ ಒಂದು ದಿನ ಹಿಡಿಯಿತು.

ಲಾಳಿ ಓಡುವ ಶಾಟ್‌ಗಳದ್ದು ಬೇರೆಯೇ ಕಥೆ. ಕೊಂಡಿ ಪದ್ಧತಿಯಲ್ಲಿ ಮೂರು ಲಾಳಿ ಬಳಸುತ್ತಾರೆ. ಅದನ್ನು ನಿಧಾನವಾಗಿ ತೋರಿಸಲು ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು, ಎಡಿಟ್‌ನಲ್ಲಿ 25 ಅಂತ ಓದಿಸಿದ್ದೆ. ಲಿಂಕ್ ಮಾಡುವಾಗ ಪ್ರಿಸರ್ವ್ ಇಂಟರ್‌ಪ್ರೆಟ್ ಫುಟೇಜ್ ಅನ್ನುವ ಚೌಕಕ್ಕೆ ಟಿಕ್ ಇದ್ದದ್ದರಿಂದ ಪ್ರೀಮಿಯರ್‌ನಲ್ಲಿ ಅದು ಉಳಿಯಿತು. ರಿಸಾಲ್ವ್‌ಗೆ ಮಾತ್ರ ಬೇರೆ ಹೇಳಬೇಕಿತ್ತು. ಆ ಹನ್ನೊಂದು ಕ್ಲಿಪ್‌ಗಳ ಪಟ್ಟಿ ಕಲರಿಸ್ಟ್‌ಗೆ ಕೊಟ್ಟೆ. ಅವರು ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಫ್ರೇಮ್ ರೇಟ್ 25 ಮಾಡಿಕೊಂಡರು.

ಕಳಿಸುವ ಮುಂಚೆ ಟೈಮ್‌ಲೈನನ್ನು ಆದಷ್ಟು ಸರಳ ಮಾಡಿದೆ. ನೆಸ್ಟ್ (ಒಂದು ಟೈಮ್‌ಲೈನ್ ಒಳಗೆ ಕೂರಿಸಿದ ಇನ್ನೊಂದು) ಬಿಚ್ಚಿದೆ. ಅಕ್ಷರ, ಅಡ್ಜಸ್ಟ್‌ಮೆಂಟ್ ಲೇಯರ್, ಸ್ಟೆಬಿಲೈಸರ್ ತೆಗೆದೆ. ಚಿತ್ರವನ್ನೆಲ್ಲ ಆದಷ್ಟು ಒಂದೇ ಟ್ರ್ಯಾಕ್‌ಗೆ ಇಳಿಸಿದೆ. ಹಳೆಯ ಪ್ರಾಕ್ಸಿ ಪ್ರಾಜೆಕ್ಟ್‌ನಿಂದ ರೆಫರೆನ್ಸ್ ವಿಡಿಯೊ ತೆಗೆದೆ, ಹೊಸದರಿಂದಲ್ಲ. ಅದು ಮುಖ್ಯ. ನಾಲ್ಕು ತಿಂಗಳು ನಾವೆಲ್ಲ ನೋಡಿ ಒಪ್ಪಿದ್ದು ಹಳೆಯದನ್ನು. ತಾಳೆ ನೋಡಬೇಕಾದದ್ದು ಅದರ ಜೊತೆಗೇ.

ಈ ಸಲ ಡಿಸ್ಕ್ ಹಿಡಿದು ನಾನೇ ಬೆಂಗಳೂರಿಗೆ ಹೋದೆ. ಎಕ್ಸ್‌ಎಂಎಲ್ ತೆರೆದರು. ಒಂದೂ ಕೆಂಪು ಇಲ್ಲ. ಆದರೆ ಕೆಂಪು ಇಲ್ಲ ಅಂದರೆ ಸರಿ ಇದೆ ಅಂತ ಅಲ್ಲ. ಅದು ನಮಗೆ ಗೊತ್ತಾಗಿತ್ತು. ಕಲರಿಸ್ಟ್ ರೆಫರೆನ್ಸ್ ವಿಡಿಯೊವನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು ಕಾಂಪೋಸಿಟ್ ಮೋಡ್ ಡಿಫರೆನ್ಸ್ ಮಾಡಿದರು. ಎರಡು ಚಿತ್ರ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿ ಪರದೆ ಕಪ್ಪಾಗುತ್ತದೆ. ಎಲ್ಲಿ ಬೇರೆಯೋ ಅಲ್ಲಿ ಬೆಳಕು ಕಾಣುತ್ತದೆ. ಒಂದು ಫ್ರೇಮ್ ಜರುಗಿದ್ದರೂ ಅಂಚುಗಳು ಹೊಳೆಯುತ್ತವೆ.

ಕತ್ತಲ ಕೋಣೆಯಲ್ಲಿ ಕೂತು 52 ನಿಮಿಷ ಕಪ್ಪು ಪರದೆ ನೋಡಿದೆವು. ಪ್ರಾಕ್ಸಿಯ ಕಂಪ್ರೆಷನ್‌ನಿಂದ ಅಲ್ಲಲ್ಲಿ ಬೂದಿಯಂಥ ಗೆರೆ ಬರುತ್ತಿತ್ತು, ಅದು ಸಹಜ. ನಾಲ್ಕು ಕಡೆ ಬೆಳಕು ಬಂತು. ಮೂರು ಸ್ಕೇಲ್ ತಪ್ಪು, ನಾನು ಭಾಗಿಸುವಾಗ ಬಿಟ್ಟಿದ್ದವು. ಒಂದು ಲಾಳಿಯ ಶಾಟ್, ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಅಲ್ಲೇ ಸರಿ ಮಾಡಿದೆವು. ಅಜ್ಜಿಯ ಕೈ ಬರುವ 11ನೇ ನಿಮಿಷ ಹತ್ತಿರ ಬಂದಾಗ ನಾನು ಉಸಿರು ಹಿಡಿದು ಕೂತಿದ್ದೆ. ಕಪ್ಪು. ಅಜ್ಜಿಯ ದನಿ ಮಾತ್ರ ಕೇಳಿಸಿತು. ಪೂರ್ತಿ ಕಪ್ಪು.

"ಈಗ ಶುರು ಮಾಡೋಣ್ವಾ ಸರ್?" ಅಂದರು ಕಲರಿಸ್ಟ್. ಮೇಲಿನ ಟ್ರ್ಯಾಕ್ ತೆಗೆದು ಆ ಶಾಟ್‌ಗೇ ಬಂದು ನಿಂತರು. ದೊಡ್ಡ ಮಾನಿಟರ್‌ನಲ್ಲಿ ಮೊದಲ ಸಲ ಅದನ್ನು ಒರಿಜಿನಲ್‌ನಲ್ಲಿ ನೋಡಿದೆ. ಸೆರಗಿನ ಕೆಂಪು ಇನ್ನೂ ಮಂಕಾಗಿತ್ತು, ಬಣ್ಣದ ಕೆಲಸ ಆಗಬೇಕಿತ್ತು. ಆದರೆ ಒಂದೊಂದು ಕುಣಿಕೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅಜ್ಜಿಯ ಹೆಬ್ಬೆರಳು ಎಳೆಯ ಮೇಲೆ ಬಂತು. ಉಗುರಿನ ನಡುವೆ ಸೀಳು, ಅದರೊಳಗೆ ಬಣ್ಣದ ಗೆರೆ. ಫೋನ್ ತೆಗೆದು ಪರದೆಯ ಫೋಟೊ ಹಿಡಿದು ಅಕ್ಕನಿಗೆ ಕಳಿಸಿದೆ.